ಮತಪತ್ರ ಬಂದ ದಾರಿಯಲ್ಲಿ ವೈದ್ಯರೂ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆಯ ಫೋಟೊಗಳನ್ನು ಮರುದಿನದ ಪತ್ರಿಕೆಗಳಲ್ಲಿ ಒಂದೊಂದಾಗಿ ನೋಡಿದೆ. ತ್ರಿಚಕ್ರ ವಾಹನದ ಕೀಲಿಕೈ ಪಡೆಯುತ್ತಿದ್ದವರ ಮುಖದಲ್ಲಿದ್ದ ಸಂತೋಷ ಕಂಡು ನನಗೂ ಸಂತೋಷವಾಯಿತು. ಆದರೆ ಆ ಫೋಟೊಗಳಲ್ಲಿ ಇದ್ದವರೆಲ್ಲ ವೇದಿಕೆಯ ತನಕ ಹೇಗೋ ಬರಲು ಸಾಧ್ಯವಾದವರು. ಹೊಸ್ತಿಲು ದಾಟಲಾಗದೆ ಒಳಕೋಣೆಯಲ್ಲಿ ಮಲಗಿರುವವರ ಬಗ್ಗೆ ಬರೆಯೋಣ ಎಂದು ಕುಳಿತಿದ್ದೇನೆ. ಅಂಥವರಲ್ಲಿ ಒಬ್ಬ ನನ್ನ ಅಣ್ಣ.

ನಮ್ಮದು ಉತ್ತರ ಕನ್ನಡದ ಅಘನಾಶಿನಿ ನದಿ ದಂಡೆಯ ಒಂದು ಸಣ್ಣ ಊರು, ಘಟ್ಟದ ಬುಡ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅಣ್ಣ ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವನಾಗಿದ್ದ. ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ದಾಟಿಕೊಂಡು, ಕೆಳಗಿಳಿಯದೆಯೇ ಅರ್ಧ ತೋಟ ಮುಗಿಸುತ್ತಿದ್ದ. 2019ರ ಡಿಸೆಂಬರ್‌ನಲ್ಲಿ, ಕೊಯ್ಲು ಭರದಲ್ಲಿದ್ದಾಗ, ಮರ ಮುರಿದು ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ವ್ಯಾಯಾಮ ಚಿಕಿತ್ಸೆಗೆ ಮತ್ತೆ ಕರೆದೊಯ್ಯಬೇಕು ಎನ್ನುವಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಬಿದ್ದ ದಿನದಿಂದ ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಮೂತ್ರಕ್ಕೆ ಕೊಳವೆ ಹಾಕಿದ್ದಾರೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ರಾತ್ರಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ನಾನು ಏಳುತ್ತೇನೆ. ಮೊಬೈಲ್ ಅಲಾರಾಂ ಇಟ್ಟಿದ್ದೆ. ಈಗ ಅದರ ಅಗತ್ಯವೇ ಬೀಳುವುದಿಲ್ಲ, ಎಚ್ಚರ ತಾನಾಗಿ ಆಗುತ್ತದೆ. ಮೊದಲು ದಿಂಬು ತೆಗೆದು, ಮೊಣಕಾಲು ಮಡಿಸಿ, ಹೆಗಲು ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಡಿಸಿದ ಹಳೆಯ ಸೀರೆ ಇಡಬೇಕು. ಇದನ್ನೆಲ್ಲ ಯಾರೂ ಕಲಿಸಲಿಲ್ಲ. ಮೊದಲ ಹುಣ್ಣೇ ಕಲಿಸಿತು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ. ಅದರಲ್ಲಿ 21 ಬಗೆಯ ವೈಕಲ್ಯಗಳಿವೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಪಿಂಚಣಿ, ಮನೆ, ಸಾಧನ ಸಲಕರಣೆ ಎಂದು ಹಲವು ಸೌಲಭ್ಯಗಳಿವೆ. ಇವೆಲ್ಲದರ ಬಾಗಿಲು ತೆರೆಯಬೇಕಾದರೆ ವೈದ್ಯರು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕು. ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ತುಂಬಿಸಬಹುದು. ನಾನೂ ತುಂಬಿಸಿದೆ. ಅದರ ಬಳಿಕ ಬಂದ ಮಾತು ಒಂದೇ: ರೋಗಿಯನ್ನು ಕರೆದುಕೊಂಡು ಬನ್ನಿ.

ನಮ್ಮ ಮನೆ ರಸ್ತೆಯಿಂದ ಕೆಳಗಿದೆ. ಚಿರೇಕಲ್ಲಿನ ಹನ್ನೊಂದು ಮೆಟ್ಟಿಲು. 2022ರಲ್ಲಿ ಮೊದಲ ಸಲ ಅಣ್ಣನನ್ನು ಕರೆದೊಯ್ದಾಗ ನಾಲ್ಕು ಜನ ಗಂಡಸರು ಕಂಬಳಿಯ ನಾಲ್ಕು ಮೂಲೆ ಹಿಡಿದು ಅವನನ್ನು ಮೇಲಕ್ಕೆ ಹೊತ್ತರು. ಒಂದು ದಿನದ ಕೂಲಿ ಬಿಟ್ಟು ಬಂದವರು, ಹಣ ಕೊಟ್ಟರೆ ಮುಟ್ಟಲಿಲ್ಲ. ಓಮ್ನಿಯ ಹಿಂದಿನ ಸೀಟು ತೆಗೆಸಿ ಹಾಸಿಗೆ ಹಾಸಿ ಮಲಗಿಸಿದೆವು. ಆಸ್ಪತ್ರೆ ತಲುಪಿದಾಗ ಎಲುಬಿನ ವೈದ್ಯರು ಅಂದು ರಜೆಯಲ್ಲಿದ್ದರು. ಮುಂದಿನ ವಾರ ಬನ್ನಿ ಎಂದರು. ಯಾವ ಆಸ್ಪತ್ರೆ ಎಂದು ನಾನು ಬರೆಯುವುದಿಲ್ಲ, ಅಲ್ಲಿನ ಜನ ಕೆಟ್ಟವರಲ್ಲ. ಒಬ್ಬ ನರ್ಸ್ ಅಣ್ಣನಿಗೆ ನೀರು ತಂದುಕೊಟ್ಟು, ಮೂತ್ರದ ಚೀಲವನ್ನು ತಾವೇ ಖಾಲಿ ಮಾಡಿಕೊಟ್ಟರು. ಆದರೆ ಆ ಒಂದು ಪ್ರಯಾಣದಲ್ಲಿ ಘಟ್ಟದ ತಿರುವುಗಳ ಎತ್ತಾಟಕ್ಕೆ ಬೆನ್ನಿನ ಚರ್ಮ ಒಡೆಯಿತು. ಮನೆಗೆ ತಂದು ಮಗ್ಗುಲಿಗೆ ಹೊರಳಿಸಿದಾಗ ಹಾಸಿದ ಬಟ್ಟೆಯಲ್ಲಿ ರಕ್ತ ಕಂಡೆ. ಅಣ್ಣನಿಗೆ ನೋವು ತಿಳಿಯುವುದಿಲ್ಲ, ನಾನು ಹೇಳುವ ತನಕ ಅವನಿಗೆ ಗೊತ್ತೇ ಇರಲಿಲ್ಲ. ಆ ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಮುಂದಿನ ವಾರವೂ ಹೋಗಲಿಲ್ಲ, ಮುಂದಿನ ವರ್ಷವೂ ಹೋಗಲಿಲ್ಲ. ಕಾಗದ ಬೇಡ ತಂಗಿ, ಹೀಗೇ ಇರುತ್ತೇನೆ ಎಂದು ಅಣ್ಣ ಅಂದ. ನಾನೂ ಸುಮ್ಮನಾದೆ.

ಆಮೇಲೆ ನಡೆದ ಒಂದು ಸಂಗತಿ ನನ್ನನ್ನು ಮತ್ತೆ ಎಬ್ಬಿಸಿತು. 2023ರ ಮೇ 10ರಂದು ವಿಧಾನಸಭೆ ಚುನಾವಣೆ. ಎಂಬತ್ತು ವರ್ಷ ದಾಟಿದವರಿಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶವನ್ನು ಚುನಾವಣಾ ಆಯೋಗ ಆ ಸಲ ಕೊಟ್ಟಿತ್ತು. ನಮ್ಮ ಆಯಿಗೆ ಎಂಬತ್ತೊಂದು. ಮತದಾನದ ದಿನಕ್ಕೆ ಮೊದಲೇ ಒಂದು ಬೆಳಗ್ಗೆ ನಮ್ಮ ಹನ್ನೊಂದು ಮೆಟ್ಟಿಲು ಇಳಿದು ಐದಾರು ಜನ ಬಂದರು. ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೊ ತೆಗೆಯುವ ಹುಡುಗ. ಜಗುಲಿಯಲ್ಲಿ ರಟ್ಟಿನ ಮರೆ ಇಟ್ಟು, ಆಯಿಯ ಕೈಗೆ ಮತಪತ್ರ ಕೊಟ್ಟು, ಎಲ್ಲರೂ ಆಚೆ ಮುಖ ಮಾಡಿ ನಿಂತರು. ಆಯಿ ಮತ ಹಾಕಿ, ಲಕೋಟೆ ಅಂಟಿಸಿ ಕೊಟ್ಟಳು. ಬಂದವರಿಗೆ ಮಜ್ಜಿಗೆ ಕೊಡಲು ಹೋದರೆ, ಏನನ್ನೂ ತೆಗೆದುಕೊಳ್ಳುವಂತಿಲ್ಲ ಅಮ್ಮಾ ಎಂದು ಕೈಮುಗಿದರು. ನನಗೆ ಹೆಮ್ಮೆ ಎನ್ನಿಸಿತು. ಒಬ್ಬ ಮುದುಕಿಯ ಒಂದು ಮತಕ್ಕಾಗಿ ಸರಕಾರ ನಮ್ಮ ಮನೆಯ ಜಗುಲಿಗೆ ಬಂದಿತ್ತು.

ಅಷ್ಟರಲ್ಲಿ ಒಳಕೋಣೆಯಿಂದ ಅಣ್ಣನ ಧ್ವನಿ ಕೇಳಿಸಿತು. "ನನಗೂ ಒಂದು ಚೀಟಿ ಇದೆಯಾ?"

ಅಧಿಕಾರಿ ಒಳಗೆ ಬಂದು ನೋಡಿದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಮನೆಯಿಂದ ಮತ ಹಾಕಲು ಮೊದಲೇ ಅರ್ಜಿ ಕೊಡಬೇಕಿತ್ತು, ಅರ್ಜಿಯ ಜೊತೆಗೆ ಅಂಗವಿಕಲತೆಯ ಪ್ರಮಾಣಪತ್ರ ಬೇಕಿತ್ತು. ಹಾಸಿಗೆಯಲ್ಲಿ ಮಲಗಿದವನನ್ನು ಕಣ್ಣಾರೆ ಕಂಡರೂ ಅವರು ಏನೂ ಮಾಡುವಂತಿರಲಿಲ್ಲ. ಅವರ ಮುಖ ಸಣ್ಣದಾಯಿತು. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅಂದು ಮಧ್ಯಾಹ್ನ ಅವನು ಊಟ ಮಾಡಲಿಲ್ಲ.

ಆ ದಿನದಿಂದ ನನ್ನ ತಲೆಯಲ್ಲಿ ಕೂತಿರುವ ಮಾತನ್ನು ಈ ಪತ್ರದಲ್ಲಿ ನಾನು ಕೇಳುತ್ತಿದ್ದೇನೆ. ಮತಪತ್ರ ಹಿಡಿದು ಆರು ಜನ ಮನೆಗೆ ಬರಲು ಸಾಧ್ಯವಾದರೆ, ಪ್ರಮಾಣಪತ್ರಕ್ಕಾಗಿ ಒಬ್ಬ ವೈದ್ಯರು ಬರಲು ಏಕೆ ಸಾಧ್ಯವಿಲ್ಲ? ಬೆನ್ನುಹುರಿ ಪೆಟ್ಟಾದವರನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಹಳೆಯ ಸ್ಕ್ಯಾನ್ ವರದಿಗಳು ನಮ್ಮಲ್ಲೇ ಇವೆ. ನಾನು ಕಣ್ಣಾರೆ ನೋಡಿದ್ದರಿಂದ ಹೇಳುತ್ತಿದ್ದೇನೆ. ಅದು ಹೇಗೆ ಎಂಬುದನ್ನೂ ಬರೆಯುತ್ತೇನೆ.

ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎನ್ನುತ್ತಾರೆ. ಇಂಥವರು ಇದ್ದಾರೆಂದೇ ನನಗೆ ನಾಲ್ಕು ವರ್ಷ ತಿಳಿದಿರಲಿಲ್ಲ, ಅದು ನನ್ನ ತಪ್ಪೂ ಹೌದು. ನಮ್ಮ ಪಂಚಾಯಿತಿಯ ಕಾರ್ಯಕರ್ತೆಗೆ ಪೋಲಿಯೊದಿಂದ ಒಂದು ಕಾಲು ಸೋತಿದೆ. ಕೋಲೂರಿಕೊಂಡು ಆ ಮೆಟ್ಟಿಲು ಇಳಿದು ಬಂದು ಅಣ್ಣನ ಪಕ್ಕ ಕುಳಿತರು. ಅವರಿಗೆ ಸಿಗುವುದು ಸಣ್ಣ ಗೌರವಧನ. ಆದರೂ ಅಣ್ಣನ ಕಾಗದಪತ್ರಗಳನ್ನು ಹಿಡಿದು ಎಷ್ಟು ಕಚೇರಿ ಸುತ್ತಿದರೋ ಲೆಕ್ಕವಿಲ್ಲ. 2024ರ ಜುಲೈ 18ಕ್ಕೆ ತಪಾಸಣೆಯ ದಿನ ಗೊತ್ತುಮಾಡಿಸಿದರು. ಎರಡು ದಿನ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ನಮ್ಮ ತಪಾಸಣೆಯೂ ತಪ್ಪಿತು. ಆ ಗುಡ್ಡದ ಕೆಳಗೆ ಜೀವ ಕಳೆದುಕೊಂಡವರ ಮನೆಗಳ ದುಃಖದ ಎದುರು ನಮ್ಮದೊಂದು ಕಾಗದ ಯಾವ ಲೆಕ್ಕ? ಆದರೆ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ರಸ್ತೆಗಳು ಹೇಗಿರುತ್ತವೆ ಎಂಬುದು ಹೊರಗಿನವರಿಗೆ ತಿಳಿಯಲಿ ಎಂದು ಬರೆದೆ. ಶಿರಸಿ ಕಡೆಯವರಿಗೆ ಜಿಲ್ಲಾ ಕೇಂದ್ರವಾದ ಕಾರವಾರವೆಂದರೆ ನೂರು ಕಿಲೋಮೀಟರಿಗಿಂತ ಹೆಚ್ಚು, ನಡುವೆ ಘಟ್ಟ. ಜೊಯಿಡಾದ ಒಳ ಹಳ್ಳಿಗಳವರ ಪಾಡು ಇನ್ನೂ ಕಷ್ಟ.

ಕಡೆಗೆ ಆ ವರ್ಷದ ಚಳಿಗಾಲದಲ್ಲಿ ತಾಲ್ಲೂಕು ಮಟ್ಟದ ಶಿಬಿರವೊಂದು ನಡೆಯಿತು. ಮತ್ತೆ ಅದೇ ಕಂಬಳಿ, ಅದೇ ಓಮ್ನಿ. ಈ ಸಲ ಕಾರ್ಯಕರ್ತೆ ಮುಂಚಿತವಾಗಿ ಹೋಗಿ ವೈದ್ಯರ ಕಿವಿಗೆ ಹಾಕಿದ್ದರು. ವೈದ್ಯರು ಮೇಜು ಬಿಟ್ಟು ಎದ್ದು, ವಾಹನ ನಿಲ್ಲಿಸುವ ಜಾಗಕ್ಕೆ ನಡೆದುಬಂದು, ಓಮ್ನಿಯೊಳಗೆ ಬಗ್ಗಿ ಕುಳಿತರು. ರಬ್ಬರ್ ತಲೆಯ ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಪಿನ್ನಿನಿಂದ ಹೊಟ್ಟೆಯಿಂದ ಕೆಳಗೆ ಮೆಲ್ಲಗೆ ಚುಚ್ಚುತ್ತ, ತಿಳಿಯುತ್ತದೆಯೇ, ಇಲ್ಲಿ ತಿಳಿಯುತ್ತದೆಯೇ ಎಂದು ಕೇಳಿದರು. ಹೊಕ್ಕುಳ ದಾಟಿದ ಮೇಲೆ ಅಣ್ಣ ಇಲ್ಲ, ಇಲ್ಲ ಎನ್ನುತ್ತ ಹೋದ. ಹಳೆಯ ವರದಿ ಓದಿದರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಲಿಲ್ಲ. ಐದು ವರ್ಷ ಕಾದದ್ದು ಆ ಹತ್ತು ನಿಮಿಷಕ್ಕೆ. ಪ್ರಮಾಣಪತ್ರದಲ್ಲಿ ಶೇ 90 ಎಂದು ಬಂತು.

ಆ ಹತ್ತು ನಿಮಿಷ ನಮ್ಮ ಮನೆಯಲ್ಲೇ ಆಗಬಹುದಿತ್ತು. ಒಂದು ತಾಲ್ಲೂಕಿನಲ್ಲಿ ಹಾಸಿಗೆ ಬಿಟ್ಟೇಳದವರು ಯಾರು, ಎಲ್ಲಿದ್ದಾರೆ ಎಂಬುದು ಪುನರ್ವಸತಿ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಯರಿಗೂ ಗೊತ್ತು. ತಿಂಗಳಿಗೆ ಒಂದು ದಿನ, ಒಂದು ವಾಹನ, ಒಬ್ಬರು ತಜ್ಞ ವೈದ್ಯರು. ಒಂದು ದಾರಿ ಹಿಡಿದರೆ ನಾಲ್ಕೈದು ಮನೆ ಮುಗಿಯುತ್ತವೆ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ ಎಂದು ನಾನು ನಂಬಿದ್ದೇನೆ.

ಕಾರ್ಡ್ ಬಂದ ಮೇಲೆ ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಕೊಟ್ಟೆವು. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆಯ ಸಂಖ್ಯೆ ಇರುವ ರಸೀದಿಯನ್ನು ಕೇಳಿ ಪಡೆಯಿರಿ ಎಂದು ಬೇರೆಯವರಿಗೂ ಹೇಳುತ್ತೇನೆ. ಅದಿಲ್ಲದೆ ಅರ್ಜಿ ಎಲ್ಲಿದೆ ಎಂದು ಕೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವಾಗ ಹೆಬ್ಬೆರಳು ಮೂಡಲಿಲ್ಲ. ಇಪ್ಪತ್ತೈದು ವರ್ಷ ಅಡಿಕೆ ಮರದ ಕಾಂಡ ಅಪ್ಪಿದ ಕೈ ಅದು, ಗೆರೆಗಳೇ ಸವೆದಿವೆ. ಬ್ಯಾಂಕಿನ ಪ್ರತಿನಿಧಿ ಯಂತ್ರ ಹಿಡಿದು ಮನೆಗೇ ಬಂದಿದ್ದರು. ಹತ್ತೂ ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಪ್ರಯತ್ನಿಸಿದಾಗ ಎಡಗೈಯ ಕಿರುಬೆರಳು ಹಿಡಿಯಿತು.

ಈಗ ತಿಂಗಳಿಗೆ ₹1400 ಬರುತ್ತಿದೆ. ಹಣ ಬಂದ ಮೊದಲ ತಿಂಗಳು ಅಣ್ಣ ಅದನ್ನು ಆಯಿಯ ಕೈಗೆ ಕೊಡಿಸಿದ. ಬಿದ್ದ ಮೇಲೆ ಅವನು ಮನೆಗೆ ಕೊಟ್ಟ ಮೊದಲ ಹಣ. ನಾನು ಕೃತಜ್ಞಳು. ಆದರೂ ಒಂದು ಮಾತು ಹೇಳಲೇಬೇಕು. ಇತರರಿಗೆ ಇರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ 25 ಹೆಚ್ಚಿರಬೇಕು ಎಂದು ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮು ಹೇಳುತ್ತದೆ. ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾದಲ್ಲಿ ಪಕ್ಕದ ಮನೆಯ ಅಜ್ಜನಿಗೆ ₹1200 ಬರುತ್ತದೆ. ಅದಕ್ಕೆ ಶೇ 25 ಸೇರಿಸಿದರೆ ₹1500 ಆಗಬೇಕು. ಶೇ 75ಕ್ಕಿಂತ ಕಡಿಮೆ ವೈಕಲ್ಯ ಎಂದು ಬರೆಸಿಕೊಂಡವರಿಗೆ ₹800 ಮಾತ್ರ ಸಿಗುತ್ತಿದೆ. ಅದು ಅಜ್ಜನ ಪಿಂಚಣಿಗಿಂತಲೂ ಕಡಿಮೆ. ಅಣ್ಣನ ಮೂತ್ರದ ಕೊಳವೆ, ಚೀಲ, ಡ್ರೆಸ್ಸಿಂಗ್ ಬಟ್ಟೆ, ಮುಲಾಮುಗಳಿಗೇ ಬರುವ ಹಣ ಮುಗಿಯುತ್ತದೆ.

ಆರೈಕೆ ಮಾಡುವವರಿಗೆ ತಿಂಗಳಿಗೆ ₹1000 ಭತ್ಯೆ ಎಂದು ರಾಜ್ಯ ಸರಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಬೆನ್ನುಹುರಿ ಪೆಟ್ಟಾದವರ ಹೆಸರು ಅದರಲ್ಲಿ ಇಲ್ಲ. ಅಡಿಕೆ, ತೆಂಗು ನಂಬಿ ಬದುಕುವ ನಮ್ಮ ಜಿಲ್ಲೆಯಲ್ಲಿ ಮರದಿಂದ ಬಿದ್ದು ಮಲಗಿದವರು ಇಲ್ಲದ ಊರು ಎಷ್ಟಿವೆ? ಅವರ ಹೆಂಡತಿ, ತಾಯಿ, ತಂಗಿಯರು ಕೂಲಿ ಬಿಟ್ಟು ಮನೆಯಲ್ಲಿ ಕೂತಿದ್ದಾರೆ. ಅವರನ್ನೂ ಆ ಯೋಜನೆಗೆ ಸೇರಿಸಬೇಕೆಂದು ನಮ್ಮ ಶಾಸಕರಲ್ಲಿ, ಸಚಿವರಲ್ಲಿ ಕೈಮುಗಿದು ಕೇಳುತ್ತೇನೆ.

ಇನ್ನು ಮನೆಯ ವಿಷಯ. ಅಣ್ಣನಿಗೆ ಗಾಲಿಕುರ್ಚಿ ಸಿಕ್ಕಿದೆ. ಆದರೆ ಹಳೆಯ ಮನೆಯ ಕೋಣೆಯ ಬಾಗಿಲಿಗೆ ಅದು ಹಿಡಿಯುವುದಿಲ್ಲ. ಹೊಸ್ತಿಲು ಗೇಣೆತ್ತರ, ಬಚ್ಚಲು ಅಂಗಳದ ಆಚೆ. ಕುರ್ಚಿ ಜಗುಲಿಯ ಮೂಲೆಯಲ್ಲಿ ಮಡಿಸಿ ನಿಂತಿದೆ. ಅವನಿಗೆ ಬೇಕಾದದ್ದು ರಸ್ತೆಯ ಮಟ್ಟದಲ್ಲಿ ಒಂದು ಕೋಣೆ, ಒಂದು ಬಚ್ಚಲು, ಬೆಳಕು ಬರುವ ಕಿಟಕಿ.

ವಸತಿ ಯೋಜನೆಗಳಲ್ಲಿ ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕೆಂದು ಅದೇ ಕಾಯ್ದೆಯ 37ನೇ ಕಲಮಿನಲ್ಲಿದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ. ನಮ್ಮಲ್ಲಿ ವಿಶೇಷ ವರ್ಗದವರಿಗೆಂದೇ ದೇವರಾಜ ಅರಸು ವಸತಿ ಯೋಜನೆಯೂ ಇದೆ. ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಕೇಳಿದಾಗ, ಅವನಿಗೆ ಬೇರೆ ಮನೆ ಏಕೆ, ನೀವೆಲ್ಲ ಇದ್ದೀರಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಕೇಳಿ ಎಷ್ಟೋ ಮನೆಯವರು ಸುಮ್ಮನೆ ಕುಳಿತುಬಿಡುತ್ತಾರೆ. ನಾನು ಕಾಯ್ದೆಯ ಹಾಳೆ ಓದಿ ಹೇಳಿ, ಹೆಸರನ್ನು ನಡಾವಳಿಯಲ್ಲಿ ಬರೆಸಿದ ಮೇಲೆಯೇ ಕುಳಿತದ್ದು. ಮಾತು ಮಾತಾಗಿ ಉಳಿದರೆ ಪ್ರಯೋಜನವಿಲ್ಲ, ನಡಾವಳಿಯಲ್ಲಿ ಬರಬೇಕು.

ಜಾಗದ ತೊಡಕು ಬೇರೆ. ಪಹಣಿಯಲ್ಲಿ ಏಳು ಜನರ ಹೆಸರಿತ್ತು, ಒಟ್ಟು ಖಾತೆ. ಇಬ್ಬರು ಮುಂಬೈಯಲ್ಲಿ, ಒಬ್ಬರು ಗೋವಾದಲ್ಲಿ. ಎಲ್ಲರ ಸಹಿ ಕೂಡಿಸಿ ರಸ್ತೆ ಪಕ್ಕದ ಎರಡು ಗುಂಟೆಯನ್ನು ಅಣ್ಣನ ಹೆಸರಿಗೆ ಮಾಡಿಸುವಷ್ಟರಲ್ಲಿ ನನ್ನ ಬಳೆ ಅಡವು ಹೋಯಿತು. ಆದರೂ ನಾವು ಪುಣ್ಯವಂತರು, ನಮ್ಮದು ಮಾಲ್ಕಿ ಜಾಗ, ಅಂದರೆ ಸ್ವಂತ ಹಕ್ಕಿನದು. ಅರಣ್ಯ ಅತಿಕ್ರಮಣದ ಜಾಗದಲ್ಲಿ ಎರಡು ಮೂರು ತಲೆಮಾರಿನಿಂದ ಇರುವವರು ಈ ಜಿಲ್ಲೆಯಲ್ಲಿ ಬಹಳ. ಅರಣ್ಯವಾಸಿಗಳ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವರು 75 ವರ್ಷಗಳ ವಾಸಕ್ಕೆ ದಾಖಲೆ ತೋರಿಸಬೇಕು. ಅಂಥ ಮನೆಯಲ್ಲಿ ಮಲಗಿದವನಿಗೆ ಎಷ್ಟು ಶೇಕಡಾ ಪ್ರಮಾಣಪತ್ರ ಇದ್ದರೂ, ಹಕ್ಕುಪತ್ರವಿಲ್ಲದೆ ಮನೆ ಮಂಜೂರಾಗುವುದು ಕಷ್ಟ.

ನಮಗೆ ₹1.20 ಲಕ್ಷ ಮಂಜೂರಾಯಿತು. ಪಾಯ, ಲಿಂಟೆಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತದಲ್ಲಿ ಹಣ. ಪಾಯದ ಫೋಟೊದಲ್ಲಿ ಫಲಾನುಭವಿಯೂ ಇರಬೇಕು ಎಂದರು. ಪಾಯದ ಮೇಲೆ ಮಂಚ ಇಟ್ಟು ಅಣ್ಣನನ್ನು ಮಲಗಿಸಿ ಫೋಟೊ ತೆಗೆಸಿದೆವು. ಐದೂವರೆ ವರ್ಷದ ಬಳಿಕ ಆಕಾಶದ ಕೆಳಗೆ ಮಲಗಿದ್ದ ಅವನು, ಇನ್ನು ಸ್ವಲ್ಪ ಹೊತ್ತು ಇರಲಿ ಎಂದ. ಮಂಚವನ್ನು ಸಂಜೆಯ ತನಕ ಅಲ್ಲೇ ಬಿಟ್ಟೆವು. ಪಕ್ಕದ ತೋಟದ ಮರಗಳಲ್ಲಿ ಎಷ್ಟು ಕೊನೆ ಇವೆ ಎಂದು ಎಣಿಸಿ ನನಗೆ ಹೇಳಿದ.

ಇಳಿಜಾರಿನ ಬಗ್ಗೆ ಮೇಸ್ತ್ರಿಯ ಜೊತೆ ನಡೆದ ಚರ್ಚೆಯನ್ನು ಇಂಥದೇ ಮನೆ ಕಟ್ಟುವವರಿಗಾಗಿ ಬರೆಯುತ್ತೇನೆ. ನಮ್ಮ ಕಡೆ ಮಳೆಗೆ ಹೆದರಿ ಪಾಯ ಎತ್ತರಿಸುತ್ತಾರೆ, ನೆಲದಿಂದ ಒಂದೂವರೆ ಅಡಿ. ಮೇಸ್ತ್ರಿ ಐದು ಅಡಿ ಉದ್ದದ ಇಳಿಜಾರು ಸಾಕು ಎಂದರು. ಆದರೆ ಗಾಲಿಕುರ್ಚಿಗೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬುದು ನಿಯಮ. ಅಂದರೆ ಹದಿನೆಂಟು ಅಡಿ. ಅವರು ನಂಬಲಿಲ್ಲ. ಗಾಲಿಕುರ್ಚಿಯಲ್ಲಿ ಅರ್ಧ ಚೀಲ ಸಿಮೆಂಟ್ ಇಟ್ಟು, ಹಲಗೆ ಹಾಕಿ ತಳ್ಳಿ ನೋಡಿ ಎಂದೆ. ತಳ್ಳಿ ನೋಡಿದ ಮೇಲೆ ಒಪ್ಪಿದರು. ಜಾಗ ಸಾಲದ್ದಕ್ಕೆ ಒಂಬತ್ತು ಅಡಿ ಏರಿಸಿ, ತಿರುಗಲು ಸಮತಟ್ಟು ಮಾಡಿ, ಗೋಡೆಗುಂಟ ಮತ್ತೆ ಒಂಬತ್ತು ಅಡಿ ಮಾಡಿದ್ದಾರೆ. ಹಾವಸೆ ಕಟ್ಟದಂತೆ ಮಾಡನ್ನು, ಅಂದರೆ ಛಾವಣಿಯನ್ನು, ಅದರ ಮೇಲಕ್ಕೂ ಚಾಚಬೇಕು, ಸಿಮೆಂಟ್ ಒಣಗುವ ಮೊದಲು ಅಡ್ಡಗೆರೆ ಎಳೆಯಬೇಕು. ಬಾಗಿಲು ಮೂರು ಅಡಿ ಅಗಲ, ಹೊಸ್ತಿಲಿಲ್ಲ. ಬಚ್ಚಲಿನಲ್ಲಿ ಕುರ್ಚಿ ತಿರುಗಲು ಐದು ಅಡಿ ಸುತ್ತಳತೆಯಲ್ಲ, ಐದು ಅಡಿ ವ್ಯಾಸದ ಜಾಗ. ಬಚ್ಚಲ ಬಾಗಿಲು ಹೊರಗೆ ತೆರೆಯಬೇಕು. ಇವಕ್ಕೆಲ್ಲ ನಮಗೆ ಬಂದ ಮಂಜೂರಾತಿಯಲ್ಲಿ ಬೇರೆ ಹಣವಿಲ್ಲ. ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5 ತೆಗೆದಿಡಬೇಕಲ್ಲ, ಆ ಹಣದಿಂದ ಇಳಿಜಾರು ಮತ್ತು ಬಚ್ಚಲಿಗೆ ನೆರವಾಗಿ ಎಂದು ಅರ್ಜಿ ಕೊಟ್ಟಿದ್ದೇನೆ. ಗೋಡೆ ಎದ್ದಿದೆ. ಮಳೆಗಾಲದ ಒಳಗೆ ಮಾಡು ಹೊದಿಸಬೇಕು.

ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಹಾಸಿಗೆ ಬಿಟ್ಟೇಳದವರು ಅಣ್ಣನೂ ಸೇರಿ ಆರು ಜನ. ಮೂವರಿಗೆ ಇನ್ನೂ ಪ್ರಮಾಣಪತ್ರವಿಲ್ಲ. ಅವರಲ್ಲಿ ಒಬ್ಬಳು ಹದಿನಾಲ್ಕರ ಹುಡುಗಿ, ಹಳ್ಳದ ಆಚೆಯ ಮನೆ. ಅಲ್ಲಿಗೆ ಹೋಗಲು ಅಡಿಕೆ ದಬ್ಬೆಯ ಕಾಲುಸಂಕ, ಅಂದರೆ ಸೀಳಿದ ಅಡಿಕೆ ಮರದ ಕಾಲುಸೇತುವೆ. ಅವಳನ್ನು ಹೊತ್ತು ಆ ಸಂಕ ದಾಟಿಸಲು ಅವಳ ಅಪ್ಪ ಹೆದರುತ್ತಾರೆ. ಈಗ ಹಳ್ಳದಲ್ಲಿ ನೀರು ಇಳಿದಿದೆ, ಬೇಸಿಗೆಯಲ್ಲಿ ಜೀಪು ಆ ಮನೆಯ ಅಂಗಳದ ತನಕ ಹೋಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಮತ್ತೆ ಐದಾರು ತಿಂಗಳು ದಾರಿಯಿಲ್ಲ. ಅಷ್ಟರೊಳಗೆ ಒಂದು ದಿನ ಒಬ್ಬ ವೈದ್ಯರನ್ನು ಕಳುಹಿಸಿಕೊಡಬೇಕೆಂದು ಜಿಲ್ಲಾಡಳಿತವನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ದಾರಿ ತೋರಿಸಲು ರಸ್ತೆಯ ತನಕ ನಾನೇ ಬರುತ್ತೇನೆ.

ಇತಿ,
ಅಣ್ಣನ ಪರವಾಗಿ ತಂಗಿ
ಅಘನಾಶಿನಿ ದಂಡೆ, ಉತ್ತರ ಕನ್ನಡ